ಕಾಡಿನಲ್ಲೊಂದು ಯಹೂದಿ ಪ್ರಾರ್ಥನಾ ಜಾಗ: ಅಪ್ಪನಿಗೆ ಪತ್ರ

ಬರ್ಕ್‌ಶೈರ್, ಮ್ಯಾಸಚೂಸೆಟ್ಸ್

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಕಾಡಿನ ನಡುವೆ ಯಹೂದಿಗಳ ಪ್ರಾರ್ಥನಾ ಜಾಗ ಹೇಗೆ ಕಟ್ಟುತ್ತಾರೆ ಅಂತ ಕೇಳಿದ್ದಿರಲ್ಲ, ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ನಾನೀಗ ಯೋಜಿಸುತ್ತಿರುವುದು ಬೇಸಿಗೆ ಶಿಬಿರದ ಮಕ್ಕಳಿಗಾಗಿ, ನಲವತ್ತು ಜನ ಹಿಡಿಸುವಷ್ಟು ಚಿಕ್ಕದು.

ಕಾಡು ಚೆಂದವಿದೆ ಅಂತ ನಾಲ್ಕೂ ಕಡೆ ಬಿಟ್ಟುಬಿಟ್ಟರೆ ಅವರ ಶಾಸ್ತ್ರಕ್ಕೆ ಒಗ್ಗುವುದಿಲ್ಲ. ಬಟಾಬಯಲಲ್ಲಿ ನಿಂತು ಪ್ರಾರ್ಥಿಸುವುದು ಅವರ ಧರ್ಮಶಾಸ್ತ್ರದ ಗ್ರಂಥ ತಾಲ್ಮುದ್‌ಗೆ ಹಿಡಿಸದು. ಹಾಗಂತ ಕಿಟಕಿಯಿಲ್ಲದ ಕೋಣೆಯೂ ಕೂಡದು. ಅದಕ್ಕೇ ಮುಂದೊಂದು ಗಟ್ಟಿ ಗೋಡೆ, ಎರಡು ಪಕ್ಕಕ್ಕೆ ಸೊಂಟದೆತ್ತರದ ಕಲ್ಲುಗೋಡೆ, ಹಿಂಬದಿ ತೆರವು. ಮೇಲೆ ನಮ್ಮ ಮಲೆನಾಡಿನ ಮನೆಯಂತೆ ಮುಂಚಾಚಿದ ಮಾಡು.

ಮುಖ ಜೆರುಸಲೇಮಿನ ಕಡೆಗಿರಬೇಕು. ಇಲ್ಲಿನವರು ವಾಡಿಕೆಯಲ್ಲಿ ಪೂರ್ವ ಅನ್ನುತ್ತಾರೆ. ಭೂಮಿ ಗುಂಡಗಿರುವುದನ್ನು ಲೆಕ್ಕಕ್ಕೆ ಹಿಡಿದರೆ ಉತ್ತರದಿಂದ ಸುಮಾರು 55 ಡಿಗ್ರಿ, ಅಂದರೆ ಈಶಾನ್ಯ. ಎರಡರಲ್ಲಿ ಯಾವುದು ಅಂತ ಗೂಟ ಹೊಡೆದು ದಾರ ಕಟ್ಟುವ ಮೊದಲೇ ಅವರ ಧರ್ಮಗುರು ರಬ್ಬಿಯನ್ನು ಕೇಳಿಬಿಡಬೇಕು. ಕಂಪಾಸ್ ಮುಳ್ಳು ಇಲ್ಲಿ ಸುಮಾರು 13 ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ, ಆದ್ದರಿಂದ ಅದರಲ್ಲಿ 68 ತೋರಿದಾಗಲೇ ನಿಜವಾದ 55. ಯಾವ ದಿಕ್ಕಾದರೂ ಬೆಳಗಿನ ಬಿಸಿಲು ನೇರ ಕಣ್ಣಿಗೆ. ಮುಂದಿನ ಗೋಡೆ ಗಟ್ಟಿ ಇರಲಿ ಅನ್ನುವುದಕ್ಕೆ ಅದೂ ಒಂದು ಕಾರಣ.

ತಲೆನೋವೆಲ್ಲ ಅವರ ಪವಿತ್ರ ಗ್ರಂಥವಾದ ತೋರಾ ಸುರುಳಿಯದು. ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆದದ್ದು, 3,04,805 ಅಕ್ಷರ. ಒಂದು ಅಕ್ಷರ ಒಡೆದು ಅಳಿಸಿಹೋದರೂ ತಿದ್ದಿಸುವ ತನಕ ಓದುವ ಹಾಗಿಲ್ಲ. ಗಾಳಿಯ ತೇವ 45–55 ಶೇಕಡಾ ಇದ್ದರೆ ಕ್ಷೇಮ. ತುಂಬ ಏರಿದರೆ ಚರ್ಮ ಉಬ್ಬಿ ಅಲೆಯಾಗುತ್ತದೆ, ಶಾಯಿ ಸಿಪ್ಪೆ ಏಳುತ್ತದೆ. ಹಾಗಾಗಿ ಈ ಪ್ರಾರ್ಥನಾ ಜಾಗದಲ್ಲಿ ಸುರುಳಿಗೆಂದೇ ಮಾಡುವ ಪೆಟ್ಟಿಗೆಯಲ್ಲಿ ಅದನ್ನು ರಾತ್ರಿ ಇಡಲೇಬಾರದು, ಪ್ರಾರ್ಥನೆ ಮುಗಿದ ಕೂಡಲೇ ಕಟ್ಟಡದೊಳಕ್ಕೆ. ಹಗಲಿಗಷ್ಟೇ ಆದರೂ ಪೆಟ್ಟಿಗೆ ಎರಡು ಪದರದ್ದಿರಬೇಕು: ನಡುವೆ 25 ಮಿ.ಮೀ. ಸಂದು, ಕೆಳಗೂ ಮೇಲೂ ಬಲೆ ಹಾಕಿದ ಗಾಳಿಕಿಂಡಿ. ಗಾಳಿಯಾಡದಂತೆ ಬಿಗಿಮಾಡಿದರೆ ಬಿಸಿಲಿಗೆ ಕಾದು, ಸಂಜೆ ತಣಿದಾಗ ಒಳಗೇ ಬೆವರುತ್ತದೆ.

ಓದುವ ಮೇಜು 100 × 75 ಸೆಂ.ಮೀ., ಇಳಿಜಾರು ಹತ್ತು ಡಿಗ್ರಿ ಸಾಕು. ಹೆಚ್ಚಾದರೆ ಸುರುಳಿಯ ಕೋಲುಗಳು ಜಾರುತ್ತವೆ. ಕೆಳಅಂಚಿಗೆ 2 ಸೆಂ.ಮೀ. ಪಟ್ಟಿ ಹೊಡೆಯಬೇಕು. ಓದಾದ ಮೇಲೆ ಒಬ್ಬರು ಸುರುಳಿಯನ್ನು ಬಿಚ್ಚಿದಂತೆಯೇ ಎತ್ತಿಹಿಡಿದು ಸುತ್ತ ತೋರಿಸುತ್ತಾರೆ, ಹತ್ತು-ಹದಿನೈದು ಕಿಲೋ ಭಾರ. ಆ ಮೇಜಿನ ನೆತ್ತಿಗೆ ತೊಲೆಯನ್ನೋ ದೀಪವನ್ನೋ ಕೆಳಗಿಳಿಸಿದರೆ ಕೆಟ್ಟಿತು.

ಬೆಂಚುಗಳ ವಿಷಯದಲ್ಲಿ ಇಲ್ಲಿನ ಬಡಗಿಗಳೂ ಎಡವುತ್ತಾರೆ. ನಿಂತು ಮಾಡುವ ಮುಖ್ಯ ಪ್ರಾರ್ಥನೆಯಲ್ಲಿ ಮೂರು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ ಇಡುತ್ತಾರೆ. ಸಾಲಿಂದ ಸಾಲಿಗೆ 75 ಸೆಂ.ಮೀ. ಬಿಟ್ಟರೆ ಮೊಣಕಾಲು ಬೆಂಚಿಗೆ ಬಡಿಯುತ್ತದೆ; 115 ಆದರೂ ಬೇಕು.

ಕಂಬದ ಪಾಯ ನಾಲ್ಕಡಿ ಆಳ, ಅದಕ್ಕಿಂತ ಮೇಲಿದ್ದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಣ್ಣು ಕಂಬವನ್ನೇ ಎತ್ತುತ್ತದೆ. ಸುತ್ತಲಿನ ಆಶ್ ಮರಗಳನ್ನೂ ಪರೀಕ್ಷೆ ಮಾಡಿಸಬೇಕು: 2012ರಿಂದ ಈ ಜಿಲ್ಲೆಯಲ್ಲಿ ಅವಕ್ಕೆ ಕೊರಕ ಹುಳ ಹತ್ತಿದೆ, ಸತ್ತ ಕೊಂಬೆ ಯಾವಾಗ ಬೀಳುತ್ತದೋ ಹೇಳಲಾಗದು. ಸದಾ ಉರಿಯಬೇಕಾದ ದೀಪಕ್ಕೆ ಸೋಲಾರ್ ಸರಿ, ಆದರೆ ಪ್ಯಾನೆಲ್ ಮರದ ನೆರಳಲ್ಲಿ ಇಟ್ಟು ಪ್ರಯೋಜನವಿಲ್ಲ, ಬಯಲಿನಿಂದ ತಂತಿ ಎಳೆಯಬೇಕು.

ಪೆಟ್ಟಿಗೆಯ ಬಾಗಿಲಿಗೆ 5 ಮಿ.ಮೀ. ಸಂದು ಅಂತ ಇಟ್ಟಿದ್ದೇನೆ. ಮಳೆಗಾಲದಲ್ಲಿ ಹಲಗೆ ಉಬ್ಬಿದರೂ ಸಿಕ್ಕಿಕೊಳ್ಳದಂತೆ ನೀವು ಜೋಡಿಸುತ್ತಿದ್ದ ಬಗೆಯ ಒಂದು ಚಿತ್ರ ಬರೆದು, ತಮ್ಮನ ವಾಟ್ಸಾಪ್‌ನಲ್ಲಿ ಕಳಿಸಿಬಿಡಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ