ಕಷ್ಟದ ಇಂಗ್ಲಿಷ್ ಪದ ಕಲಿಸುವ ಕತೆ ಹೇಗಿರಬೇಕು?

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ಒಂದು ಬಗೆಯ ಇಂಗ್ಲಿಷ್ ಪಾಠ ಈಗ ಬಹಳ ಚಾಲ್ತಿಯಲ್ಲಿದೆ. ಒಂದು ಪುಟದ ಕತೆ ಬರೆದು, ಅದರೊಳಗೆ ಮೂವತ್ತು ನಲವತ್ತು ಕಠಿಣ ಪದಗಳನ್ನು ತುರುಕಿ, ಅವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿ, ಪ್ರತಿಯೊಂದರ ಪಕ್ಕದಲ್ಲೇ ಅರ್ಥ ಕೊಟ್ಟು, ‘ಕತೆ ಓದುತ್ತಲೇ ಪದ ಕಲಿಯಿರಿ’ ಎಂದು ವಿದ್ಯಾರ್ಥಿಗಳ ಮುಂದಿಡುವ ಪಾಠವದು. ಇದರ ಹಿಂದಿನ ಉದ್ದೇಶ ಒಳ್ಳೆಯದೇ. ಒಣ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಕತೆ ಓದಿ ಕಲಿಯುವುದು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಂಗ್ಲಿಷ್ ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದವಳಾಗಿ ನಾನೂ ಅದನ್ನೇ ಹೇಳುತ್ತಾ ಬಂದಿದ್ದೇನೆ. ಆದರೆ ಇಂಥ ಬರಹಗಳಲ್ಲಿ ಹೆಚ್ಚಿನವು ಕತೆಯ ವೇಷ ತೊಟ್ಟ ಪಟ್ಟಿಗಳು. ಅವನ್ನು ಓದಿದ ವಿದ್ಯಾರ್ಥಿಗೆ ಕತೆಯೂ ದಕ್ಕುವುದಿಲ್ಲ, ಪದವೂ ಉಳಿಯುವುದಿಲ್ಲ. ಯಾಕೆ ಹೀಗಾಗುತ್ತದೆ, ಪದ ಕಲಿಸುವ ಕತೆ ಹೇಗಿದ್ದರೆ ಪ್ರಯೋಜನ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಶಿಕ್ಷಕರ, ಪೋಷಕರ ಮತ್ತು ವಿದ್ಯಾರ್ಥಿಗಳ ಗಮನಕ್ಕೆ ತರಬಯಸುತ್ತೇನೆ.

ಇಂಥ ಕತೆಗಳ ಒಂದು ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ಮ್ಯಾಗ್ನಾನಿಮಸ್ ಆದ ರಾಜನೊಬ್ಬ ತನ್ನ ಗ್ಯಾರುಲಸ್ ಮಂತ್ರಿಯ ವರ್ಬೋಸ್ ಮಾತುಗಳಿಂದಲೂ ಲೊಕ್ವೇಶಸ್ ರಾಣಿಯ ದೂರುಗಳಿಂದಲೂ ಎಕ್ಸಾಸ್ಪರೇಟ್ ಆದನು. ಒಂದೇ ವಾಕ್ಯದಲ್ಲಿ ಐದು ಅಪರಿಚಿತ ಪದಗಳು. ಓದುವವರ ಕಣ್ಣು ಕತೆಯ ಮೇಲೆ ನಿಲ್ಲುವುದೇ ಇಲ್ಲ. ಪದದಿಂದ ಅರ್ಥಕ್ಕೆ, ಅರ್ಥದಿಂದ ಮುಂದಿನ ಪದಕ್ಕೆ ಹಾರುತ್ತಾ ಹೋಗುತ್ತದೆ. ರಾಜನಿಗೆ ಸಿಟ್ಟು ಬಂತೆಂಬುದು ಅವರ ಮನಸ್ಸಿಗೆ ತಟ್ಟುವುದಿಲ್ಲ. ಗ್ಯಾರುಲಸ್, ವರ್ಬೋಸ್, ಲೊಕ್ವೇಶಸ್ ಮೂರೂ ಹೆಚ್ಚು ಮಾತಿಗೆ ಸಂಬಂಧಪಟ್ಟ ಪದಗಳು. ಹತ್ತಿರದ ಅರ್ಥವಿರುವ ಹೊಸ ಪದಗಳನ್ನು ಒಂದೇ ಸಲಕ್ಕೆ ಕಲಿಸಿದರೆ ಅವು ಒಂದರೊಳಗೊಂದು ಕಲಸಿಹೋಗುತ್ತವೆ ಎಂಬುದನ್ನು ಭಾಷಾ ಬೋಧನೆಯ ಸಂಶೋಧಕರು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಒಂದು ಪದ ಗಟ್ಟಿಯಾಗಿ ಮನಸ್ಸಿನಲ್ಲಿ ಕೂತ ಮೇಲೆ ಅದರ ಸಮಾನಾರ್ಥಕವನ್ನು ಪರಿಚಯಿಸುವುದು ಬೇರೆ, ಎಲ್ಲವನ್ನೂ ಒಟ್ಟಿಗೆ ಸುರಿಯುವುದು ಬೇರೆ. ಸಮಾನಾರ್ಥಕಗಳನ್ನು ಗುಂಪಾಗಿ ಕೊಟ್ಟರೆ ಕಲಿಕೆ ಸುಲಭವಾಗುತ್ತದೆಂಬ ನಂಬಿಕೆ ನಮ್ಮ ಮಾರ್ಗದರ್ಶಿ ಪುಸ್ತಕಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸುವವರೇ ಇಲ್ಲವಾಗಿದ್ದಾರೆ.

ಕತೆಯಿಂದ ಪದ ಕಲಿಯಬೇಕಾದರೆ ಕತೆ ಮೊದಲು ಅರ್ಥವಾಗಬೇಕು. ಪದಕಲಿಕೆಯ ವಿಷಯದಲ್ಲಿ ಜಗತ್ತಿನಾದ್ಯಂತ ಮಾನ್ಯರಾದ ವಿದ್ವಾಂಸ ಪಾಲ್ ನೇಶನ್ ಇನ್ನೊಬ್ಬ ಸಂಶೋಧಕರ ಜೊತೆಗೂಡಿ 2000ರಲ್ಲಿ ಪ್ರಕಟಿಸಿದ ಅಧ್ಯಯನವು, ಇನ್ನೊಬ್ಬರ ನೆರವಿಲ್ಲದೆ ಒಂದು ಕತೆಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಲು ಅದರಲ್ಲಿರುವ ಪದಗಳಲ್ಲಿ ಶೇ 98ರಷ್ಟು ಓದುಗರಿಗೆ ಮೊದಲೇ ಗೊತ್ತಿರಬೇಕು ಎಂಬ ತೀರ್ಮಾನಕ್ಕೆ ಬಂದಿತು. ಅಂದರೆ ಐವತ್ತು ಪದಗಳಿಗೆ ಒಂದು ಹೊಸ ಪದ. ಆರುನೂರು ಪದಗಳ ಕತೆಯಲ್ಲಿ ಹನ್ನೆರಡು ಕಠಿಣ ಪದಗಳಿದ್ದರೆ ಅದು ಮಿತಿ. ಮುನ್ನೂರು ಪದಗಳ ಕತೆಯಲ್ಲಿ ನಲವತ್ತು ಕಠಿಣ ಪದಗಳಿದ್ದರೆ ಏಳೆಂಟು ಪದಕ್ಕೊಂದು ಅಡ್ಡಗೋಡೆ ಎದ್ದಂತಾಗುತ್ತದೆ. ಅಂಥಲ್ಲಿ ಸುತ್ತಲಿನ ಮಾತುಗಳಿಂದ ಅರ್ಥ ಊಹಿಸುವುದು ಹೇಗೆ? ಸುತ್ತಲಿನ ಮಾತುಗಳೇ ಗೊತ್ತಿಲ್ಲವಲ್ಲ.

ಇದು ಹೊಸ ವಿಚಾರವೇನಲ್ಲ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿಯ ಹೊಣೆ ಹೊತ್ತಿದ್ದ ಮೈಕೆಲ್ ವೆಸ್ಟ್, ಅಲ್ಲಿನ ಮಕ್ಕಳ ಇಂಗ್ಲಿಷ್ ಓದಿನ ಪುಸ್ತಕಗಳನ್ನು ಪರಿಶೀಲಿಸಿ, ಅವುಗಳಲ್ಲಿ ಹೊಸ ಪದಗಳು ಅತಿಯಾಗಿ ಕಿಕ್ಕಿರಿದಿರುವುದೇ ಮಕ್ಕಳು ಓದಲಾರದಿರುವುದಕ್ಕೆ ಕಾರಣವೆಂದು ಕಂಡುಕೊಂಡರು. ಹೊಸ ಪದಗಳ ಸಂಖ್ಯೆಯನ್ನು ತಗ್ಗಿಸಿ, ಒಮ್ಮೆ ಬಂದ ಪದ ಮುಂದೆ ಮತ್ತೆ ಮತ್ತೆ ಬರುವಂತೆ ಕತೆಗಳನ್ನು ಹೊಸದಾಗಿ ಬರೆಸಿ ಅವರು ಪ್ರಯೋಗ ಮಾಡಿದರು. ಇಂದು ಜಗತ್ತಿನ ಎಲ್ಲೆಡೆ ಹಂತ ಹಂತವಾಗಿ ಕಠಿಣವಾಗುತ್ತಾ ಹೋಗುವ ಇಂಗ್ಲಿಷ್ ಕತೆಪುಸ್ತಕಗಳು ಸಿಗುತ್ತಿದ್ದರೆ ಅದರ ಹಿಂದೆ ಆ ಕೆಲಸವಿದೆ. ಅತಿ ಹೆಚ್ಚು ಬಳಕೆಯಲ್ಲಿರುವ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿಯನ್ನು 1953ರಲ್ಲಿ ಹೊರತಂದವರೂ ಅವರೇ.

ಒಳ್ಳೆಯ ಕತೆ ಪದವನ್ನು ಹೇಗೆ ಕಲಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬನ ಕತೆಯೆಂದುಕೊಳ್ಳಿ. ಅವನು ಗಡಿಯಾರವನ್ನು ಬಿಚ್ಚುವ ಮೊದಲು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತಾನೆ. ಸಾಸಿವೆಯಷ್ಟು ಚಿಕ್ಕ ತಿರುಪುಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸುತ್ತಾನೆ. ಪ್ರತಿ ಚಕ್ರವನ್ನೂ ಬ್ರಷ್ಷಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡುತ್ತಾನೆ. ರಾತ್ರಿ ಬಾಗಿಲು ಹಾಕುವ ಮುಂಚೆ ತಿರುಪುಗಳನ್ನು ಇನ್ನೊಮ್ಮೆ ಎಣಿಸುತ್ತಾನೆ. ಇಷ್ಟೆಲ್ಲ ಸುಲಭ ಇಂಗ್ಲಿಷಿನಲ್ಲಿ ಹೇಳಿ ಆದ ಮೇಲೆ ಲೇಖಕರು ಅವನನ್ನು ‘ಮೆಟಿಕ್ಯುಲಸ್’ ಎಂದು ಕರೆಯುತ್ತಾರೆ. ಆ ಹೊತ್ತಿಗೆ ಓದುಗರು ಪದದ ಅರ್ಥವನ್ನು ಕಣ್ಣಾರೆ ಕಂಡಾಗಿದೆ. ಕಂಡದ್ದಕ್ಕೆ ಒಂದು ಹೆಸರು ಮಾತ್ರ ಬೇಕಾಗಿತ್ತು, ಅದು ಸಿಕ್ಕಿತು. ಪಟ್ಟಿಯಲ್ಲಿ ‘ಅತಿ ಜಾಗರೂಕ’ ಎಂದು ಓದಿದವರು ಈ ಪದವನ್ನು ರಸ್ತೆ ದಾಟುವವರಿಗೂ ಅನ್ವಯಿಸಬಹುದು. ಗಡಿಯಾರದ ಮುದುಕನ ಮೂಲಕ ಕಲಿತವರಿಗೆ ಅದು ಕೆಲಸದ ಸಣ್ಣ ಸಣ್ಣ ವಿವರಗಳ ಬಗೆಗಿನ ಕಾಳಜಿಯೆಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಪದಗಳಿಗೆ ಅರ್ಥದ ಜೊತೆಗೆ ಒಂದು ಧೋರಣೆಯೂ ಇರುತ್ತದೆ, ಅದನ್ನು ಕತೆಯಷ್ಟು ಚೆನ್ನಾಗಿ ಬೇರೇನೂ ಕಲಿಸಲಾರದು. ಅದೇ ಮುದುಕ ಹಳೆಯ ಅಂಗಿಯನ್ನೇ ಹೊಲಿದು ಹಾಕಿಕೊಳ್ಳುವುದನ್ನು ಕಂಡು ಮಗಳು ಅವನನ್ನು ‘ಫ್ರೂಗಲ್’ ಎನ್ನಬಹುದು, ಚಂದಾ ಕೇಳಲು ಬಂದು ಬರಿಗೈಯಲ್ಲಿ ಹೋದ ನೆರೆಯವನು ‘ಸ್ಟಿಂಜಿ’ ಎನ್ನಬಹುದು. ಇಬ್ಬರೂ ಹೇಳುತ್ತಿರುವುದು ಅವನು ಕಡಿಮೆ ಖರ್ಚು ಮಾಡುತ್ತಾನೆಂಬುದನ್ನೇ. ಆದರೆ ಮೊದಲನೆಯದರಲ್ಲಿ ಮೆಚ್ಚುಗೆಯಿದೆ, ಎರಡನೆಯದರಲ್ಲಿ ತಿರಸ್ಕಾರವಿದೆ. ಉದ್ಯೋಗದ ಅರ್ಜಿಯಲ್ಲಿ, ಪ್ರಬಂಧದಲ್ಲಿ, ಸಂದರ್ಶನದಲ್ಲಿ ನಮ್ಮ ಮಕ್ಕಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಅರ್ಥ ಗೊತ್ತಿರುತ್ತದೆ, ಪದವನ್ನು ಯಾರ ಬಗ್ಗೆ, ಯಾವ ಭಾವದಲ್ಲಿ ಬಳಸಬೇಕೆಂಬುದು ಗೊತ್ತಿರುವುದಿಲ್ಲ.

ಊಹೆಯ ಮೇಲೆ ಪೂರ್ತಿ ಭಾರ ಹಾಕಬಾರದೆಂಬುದನ್ನೂ ಹೇಳಬೇಕು. ‘ಕತೆ ಓದುತ್ತಾ ಹೋಗಿ, ಅರ್ಥ ತಾನಾಗಿ ಹೊಳೆಯುತ್ತದೆ’ ಎಂಬ ಸಲಹೆ ಅರ್ಧ ಸತ್ಯ ಮಾತ್ರ. ‘ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ನಟೋರಿಯಸ್ ವೈದ್ಯ’ ಎಂಬ ಒಂದೇ ವಾಕ್ಯ ಓದಿದವರು ಆ ಪದಕ್ಕೆ ಪ್ರಸಿದ್ಧ ಎಂಬ ಅರ್ಥ ಕಟ್ಟಿಕೊಂಡರೆ ತಪ್ಪು ಅವರದಲ್ಲ. ಅವನು ಕುಖ್ಯಾತನೆಂದು ತಿಳಿಯಲು ವೈದ್ಯನು ಮಾಡಿದ ಕೆಲಸವೂ ಕತೆಯಲ್ಲಿ ಕಾಣಿಸಬೇಕು. ಇನ್ನು ಕೆಲವು ಪದಗಳು ಗೊತ್ತಿರುವವೆಂಬ ಭ್ರಮೆ ಹುಟ್ಟಿಸಿ ದಾರಿ ತಪ್ಪಿಸುತ್ತವೆ. ‘ವ್ಯಾಲ್ಯುಬಲ್’ ಬೆಲೆಬಾಳುವುದಾದರೆ ‘ಇನ್‌ವ್ಯಾಲ್ಯುಬಲ್’ ಬೆಲೆಯಿಲ್ಲದ್ದು ಎಂದುಕೊಳ್ಳುವವರು ಬಹಳ ಮಂದಿ. ಅದರ ಅರ್ಥ ಬೆಲೆ ಕಟ್ಟಲಾಗದಷ್ಟು ಅಮೂಲ್ಯವೆಂದು. ‘ಇನ್‌ಫ್ಲೇಮಬಲ್’ ಎಂದರೂ ಹೊತ್ತಿಕೊಳ್ಳುವಂಥದ್ದೇ, ಹೊತ್ತಿಕೊಳ್ಳದ್ದಲ್ಲ. ಆದ್ದರಿಂದ ಮೊದಲು ಊಹಿಸಬೇಕು, ಆಮೇಲೆ ನಿಘಂಟು ತೆರೆದು ನೋಡಬೇಕು. ಈ ಎರಡು ಕೆಲಸಗಳ ಕ್ರಮ ಬದಲಾಗಕೂಡದು. ಪದದ ಪಕ್ಕದಲ್ಲೇ ಅರ್ಥ ಅಚ್ಚಾಗಿದ್ದರೆ ಊಹಿಸುವ ಶ್ರಮವನ್ನೇ ಕಿತ್ತುಕೊಂಡಂತಾಗುತ್ತದೆ, ನೆನಪು ಗಟ್ಟಿಯಾಗುವುದು ಆ ಶ್ರಮದಿಂದಲೇ.

ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ತಪ್ಪೆಂದು ಮಕ್ಕಳನ್ನು ಗದರಿಸುವ ಶಿಕ್ಷಕರಿದ್ದಾರೆ. ಈ ಗದರಿಕೆಗೆ ಆಧಾರವಿಲ್ಲ. ಹೊಸ ಪದವೊಂದರ ಮೊದಲ ಪರಿಚಯಕ್ಕೆ ತಾಯ್ನುಡಿಯ ಅರ್ಥ ಅತ್ಯಂತ ವೇಗದ, ಸ್ಪಷ್ಟವಾದ ದಾರಿ. ಆ ಬಳಿಕ, ವಿದ್ಯಾರ್ಥಿಗಳಿಗೆಂದೇ ಸುಲಭ ಇಂಗ್ಲಿಷಿನಲ್ಲಿ ಅರ್ಥ ವಿವರಿಸುವ ನಿಘಂಟುಗಳಲ್ಲಿ ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ನೋಡಿದರೆ ಪದದ ಬಳಕೆ ಮನದಟ್ಟಾಗುತ್ತದೆ.

ಉಚ್ಚಾರಣೆಯ ಬಗ್ಗೆ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕು. ಬರೆದಂತೆ ಓದುವ ಭಾಷೆ ನಮ್ಮದು. ಆ ಅಭ್ಯಾಸವನ್ನೇ ಇಂಗ್ಲಿಷಿಗೂ ಒಯ್ಯುತ್ತೇವೆ. ಮೌನವಾಗಿ ಕತೆ ಓದಿ epitome ಎಂಬ ಪದವನ್ನು ‘ಎಪಿಟೋಮ್’ ಎಂದು ಮನಸ್ಸಿನಲ್ಲಿ ಮುದ್ರಿಸಿಕೊಂಡವರು, ಯಾರೋ ‘ಎಪಿಟಮಿ’ ಎಂದಾಗ ತಮಗೆ ಗೊತ್ತಿರುವ ಪದವನ್ನೇ ಗುರುತಿಸಲಾರರು. ‘ಸಟಲ್’ (subtle) ಎಂಬ ಪದದ ನಡುವೆ ಬರೆಯಲಾಗುವ ‘ಬಿ’ ಅಕ್ಷರಕ್ಕೆ ಉಚ್ಚಾರಣೆಯೇ ಇಲ್ಲವೆಂಬುದು ಕಿವಿಗೆ ಬೀಳದೆ ತಿಳಿಯುವುದಿಲ್ಲ. ಕತೆಯನ್ನು ಒಮ್ಮೆ ಯಾರಾದರೂ ಗಟ್ಟಿಯಾಗಿ ಓದಿ ಕೇಳಿಸುವುದು, ಅಥವಾ ಮೊಬೈಲಿನ ನಿಘಂಟಿನಲ್ಲಿ ಧ್ವನಿ ಕೇಳುವುದು ಕಡ್ಡಾಯವಾಗಬೇಕು.

ಕೊನೆಯದಾಗಿ ಮರೆವಿನ ಪ್ರಶ್ನೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿದ್ದು, ಆಮೇಲೆ ನಿಧಾನವಾಗುತ್ತದೆಂಬುದು ಅವರು ಕಂಡ ಸಂಗತಿ. ಕತೆಯಿಲ್ಲದ ಪದಪಟ್ಟಿ ವಿದ್ಯಾರ್ಥಿಯ ಪಾಲಿಗೆ ಬಹುತೇಕ ಅಂಥ ಅಕ್ಷರಗುಚ್ಛವೇ. ಕತೆಯಲ್ಲಿ ಬಂದ ಪದ ಇನ್ನೂ ಕೆಲವು ದಿನ ಹೆಚ್ಚು ಬಾಳುತ್ತದೆ ನಿಜ, ಆದರೆ ಕಠಿಣ ಪದಗಳು ಒಂದು ಸಣ್ಣ ಕತೆಯಲ್ಲಿ ಎರಡನೆಯ ಸಲ ಕಾಣಿಸಿಕೊಳ್ಳುವುದು ಅಪರೂಪ. ಒಂದೇ ಭೇಟಿಯಲ್ಲಿ ಪದ ನಮ್ಮದಾಗುವುದಿಲ್ಲ. ಓದಿದ ಮರುದಿನ, ಆಮೇಲೆ ಒಂದು ವಾರ ಬಿಟ್ಟು, ಪುಸ್ತಕ ಮುಚ್ಚಿಟ್ಟು, ಆ ಪದಗಳನ್ನು ಬಳಸಿಯೇ ಕತೆಯನ್ನು ಇನ್ನೊಬ್ಬರಿಗೆ ಹೇಳಬೇಕು. ಗಡಿಯಾರದ ಮುದುಕನ ಕತೆ ಹೇಳುವಾಗ ‘ಮೆಟಿಕ್ಯುಲಸ್’ ನಾಲಿಗೆಯ ತುದಿಗೆ ಬಂದು ತಡವರಿಸಿದರೂ ಚಿಂತೆಯಿಲ್ಲ. ಹುಡುಕಿ ತಂದ ಪದ ಓದಿದ ಪದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಇಷ್ಟನ್ನು ಬರೆಯಲು ಕಾರಣ, ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಪತ್ರಿಕೆಗಳು ಮಾಡಬಹುದಾದ ಸಹಾಯ ದೊಡ್ಡದು ಎಂಬ ನನ್ನ ನಂಬಿಕೆ. ವಾರಕ್ಕೊಂದು ಸಲ ಐನೂರು ಆರುನೂರು ಪದಗಳ ಒಂದು ಸರಳ ಇಂಗ್ಲಿಷ್ ಕತೆ, ಅದರಲ್ಲಿ ಹತ್ತು ಹನ್ನೆರಡಕ್ಕೆ ಮೀರದ ಕಠಿಣ ಪದಗಳು, ದಪ್ಪ ಅಕ್ಷರ ಬೇಡ, ಕನ್ನಡ ಅರ್ಥಗಳು ಕತೆಯ ಪಕ್ಕದಲ್ಲಲ್ಲದೆ ಪುಟದ ಕೆಳತುದಿಯಲ್ಲಿ, ಉಚ್ಚಾರಣೆ ಕನ್ನಡ ಲಿಪಿಯಲ್ಲಿ. ಮುಂದಿನ ವಾರದ ಕತೆಯಲ್ಲಿ ಹಿಂದಿನ ವಾರದ ಪದಗಳಲ್ಲಿ ನಾಲ್ಕೈದಾದರೂ ಬೇರೆ ಸಂದರ್ಭದಲ್ಲಿ ಮತ್ತೆ ಬರುವಂತಿದ್ದರೆ, ಪಟ್ಟಿಗಳು ಮಾಡಲಾರದ ಕೆಲಸವನ್ನು ಆ ಅಂಕಣ ಮಾಡುತ್ತದೆ. ಇಂಥ ಕತೆ ಬರೆಯುವುದು ಪದ ತುರುಕಿದ ಕತೆ ಬರೆಯುವುದಕ್ಕಿಂತ ಕಷ್ಟ, ಏಕೆಂದರೆ ಇಲ್ಲಿ ಪದಕ್ಕೆ ಮೊದಲು ಅರ್ಥವನ್ನು ಸೃಷ್ಟಿಸಬೇಕು. ಆದರೂ ಅದನ್ನು ಬರೆಯಬಲ್ಲ ಶಿಕ್ಷಕರು, ಲೇಖಕರು ತಮ್ಮ ಓದುಗರಲ್ಲೇ ಇದ್ದಾರೆ. ತಾವು ಅವರಿಂದ ಕತೆಗಳನ್ನು ಆಹ್ವಾನಿಸಿ, ವಿದ್ಯಾರ್ಥಿಗಳ ಪುಟದಲ್ಲಿ ಈ ಅಂಕಣಕ್ಕೆ ಜಾಗ ಮಾಡಿಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ