ನೀನು ತಪ್ಪಿಸಿಕೊಂಡ ಬಡಾ ಖಾನಾ

ಪ್ರೀತಿಯ ಗೆಳೆಯಾ,

ನಮ್ಮ ಪಡೆಯವರೆಲ್ಲ ಸೇರಿ ಉಣ್ಣುವ ಬಡಾ ಖಾನಾಕ್ಕೆ ಬಾರದೆ, ಮಂಡಿನೋವು ಅಂತ ನೆಪ ಹೇಳಿ ಊರಲ್ಲೇ ಉಳಿದೆಯಲ್ಲ, ಈಗ ಕೇಳು. ನಮಗಿಂತ ಇಪ್ಪತ್ತು ವರ್ಷ ದೊಡ್ಡವರು ಊರುಗೋಲು ಹಿಡಿದುಕೊಂಡು, ರಾತ್ರಿಯೆಲ್ಲ ರೈಲಲ್ಲಿ ಕೂತು ಬಂದಿದ್ದರು.

ಬೆಂಗಳೂರಿನ ಹಲಸೂರು ಕೆರೆ ಹತ್ತಿರ ನಮ್ಮ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಸೇನೆಯ ಎಂಜಿನಿಯರ್ ಪಡೆಯ ಸೆಂಟರಿನ ಗೇಟು ದಾಟಿದ್ದೇ ತಡ, ಬೆನ್ನು ತಾನಾಗಿ ನೆಟ್ಟಗಾಯ್ತು. ಹೊಟ್ಟೆ ಮಾತ್ರ ಮಾತು ಕೇಳಲಿಲ್ಲ. ಸ್ಮಾರಕಕ್ಕೆ ಹೂವಿಟ್ಟೆವು. ಭಾಷಣದಲ್ಲಿ ಅದೇ ಹಳೇ ಪಾಠ, ಪಡೆ ಹುಟ್ಟಿದ 1780ರಿಂದ ಶುರು. ಮುಳ್ಳುತಂತಿ ಬೇಲಿ ಸಿಡಿಸೋಕೆ ನಮ್ಮ ಪಡೆಯಲ್ಲೇ ಮಾಡಿದ 1912ರ ಬೆಂಗಳೂರು ಟಾರ್ಪಿಡೊ ಮಾತು ಬಂದಾಗ ನನ್ನ ಕಣ್ಣು ಊಟದ ಶಾಮಿಯಾನದ ಕಡೆ ಇತ್ತು. ಅಲ್ಲಿ ಯಾರೋ ‘ತಂಬೀ’ ಅಂತ ಕೂಗಿದರು, ತಮಿಳಲ್ಲಿ ತಮ್ಮ ಅಂತ, ನಮ್ಮ ಪಡೆಯವರಿಗೆಲ್ಲ ಅದೇ ಅಡ್ಡಹೆಸರಲ್ಲ. ತಿರುಗಿ ನೋಡಿದವರು ಹತ್ತು ಜನ, ಅದರಲ್ಲಿ ಇಬ್ಬರಿಗೆ ಎಂಬತ್ತು ದಾಟಿದೆ!

ನನ್ನ ಪಕ್ಕ ಕೂತಿದ್ದ ಅಜ್ಜ 9 ಎಂಜಿನಿಯರ್ ರೆಜಿಮೆಂಟಿನವರು. 1971ರ ಡಿಸೆಂಬರಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಬಸಂತರ್ ನದಿ ಹತ್ತಿರ ನೆಲದಲ್ಲಿ ಹೂತ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರಲ್ಲ, ಆ ತಂಡ. ಟ್ರೇನಿಂಗಿನಲ್ಲಿ ಉಸ್ತಾದರು ಆ ಕಥೆಯನ್ನು ಎಷ್ಟು ಸಲ ಹೇಳಿರಬೇಕು! ನಾನು ಆಸೆಯಿಂದ ಕೇಳಿದೆ. ‘ಚಳಿ ಜಾಸ್ತಿ ಇತ್ತು’ ಅಂದರು. ಆಮೇಲೆ ‘ಚೌಧರಿ ಸಾಬ್ ಹೋದರು’ ಅಂದರು. ಮೇಜರ್ ವಿಜಯ್ ರತನ್ ಚೌಧರಿ, ಮರಣೋತ್ತರ ಮಹಾವೀರ ಚಕ್ರ. ಅಷ್ಟೇ. ಮೊಸರನ್ನ ಕಲಸೋಕೆ ಶುರು ಮಾಡಿದರು. ನಾನೂ ಕೆದಕಲಿಲ್ಲ.

ಎದುರಿಗೆ ಒಬ್ಬ ಹುಡುಗ, ಇನ್ನೂ ಸರ್ವಿಸಿನಲ್ಲಿದ್ದಾನೆ. ವಯನಾಡಿಗೆ ಹೋಗಿದ್ದನಂತೆ. 2024ರ ಜುಲೈ 30ರಂದು ಗುಡ್ಡ ಕುಸಿಯಿತಲ್ಲ, ಚೂರಲ್‌ಮಲದಲ್ಲಿ ನಮ್ಮವರು ಕಬ್ಬಿಣದ ಪ್ಯಾನಲ್‌ಗಳನ್ನು ಪಿನ್ ಹಾಕಿ ಜೋಡಿಸುವ 190 ಅಡಿಯ ಬೈಲಿ ಬ್ರಿಜ್ ಕಟ್ಟಿದ್ದು ನೀನೂ ಟೀವಿಯಲ್ಲಿ ನೋಡಿರ್ತೀಯ. ಆಗಸ್ಟ್ 1ರ ಸಂಜೆಗೆ ಮುಗಿಸಿಬಿಟ್ಟಿದ್ದರು. ಅವನು ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಮಳೆ, ಕೆಸರು, ಕೆಳಗೆ ಕೆಂಪು ನೀರು.

ಅಜ್ಜ ಊಟ ಬಿಟ್ಟರು ಕಣೋ! ಎಡಗೈಯಲ್ಲಿ ಕನ್ನಡಕ ತೆಗೆದು ಪಂಚೆಗೆ ಒರೆಸಿ ಹಾಕಿಕೊಂಡು, ಮೊಬೈಲ್ ಕಣ್ಣಿನ ಹತ್ತಿರ ತಂದರು. ‘ಪಿನ್ನಿಗೆಲ್ಲ ಕ್ಲಿಪ್ ಹಾಕಿದ್ರಾ?’ ಅಂತ ಮೊದಲ ಪ್ರಶ್ನೆ. ರೋಲರ್ ಎಲ್ಲಿಟ್ಟಿರಿ, ದಡ ಕುಸಿಯಲಿಲ್ವಾ, ರಾತ್ರಿ ಲೈಟ್ ಇತ್ತಾ? ಹುಡುಗ ಉಸ್ತಾದರ ಮುಂದೆ ನಿಂತವನ ಹಾಗೆ ‘ಜೀ ಸಾಬ್, ಜೀ ಸಾಬ್’ ಅಂತಾನೆ. ಪ್ಯಾನಲ್ ಈಗಲೂ ಆರು ಜನ ಹೊರೋದಾ ಅಂತ ಕೇಳಿದರು. ಹೌದು ಅಂದ. ಇನ್ನೂರೈವತ್ತು ಕಿಲೋ ಮೇಲಿನ ಕಬ್ಬಿಣ, ಅದೇನು ಬದಲಾಗುತ್ತೆ ಹೇಳು.

ಆಮೇಲೆ ಅಜ್ಜ ತಮ್ಮ ತೋರುಬೆರಳು ಮುಂದೆ ಚಾಚಿದರು. ತುದಿ ಚಪ್ಪಟೆ, ಉಗುರೇ ಇಲ್ಲ. ಹುಡುಗ ನಗುತ್ತಾ ತನ್ನ ಕಪ್ಪಾದ ಹೆಬ್ಬೆರಳ ಉಗುರು ತೋರಿಸಿದ. ನಾನು ಬಿಡ್ತೀನಾ? ಎಲೆಯ ಮೇಲಿದ್ದ, ಮಟನ್ ಮೆತ್ತಿದ ಕೈಯನ್ನೇ ಎತ್ತಿ ಸೊಟ್ಟ ಕಿರುಬೆರಳು ತೋರಿಸಿದೆ. ಈ ಬೆರಳು ಸಿಕ್ಕಿಕೊಂಡ ಪ್ಯಾನಲ್ಲಿನ ಇನ್ನೊಂದು ತುದಿ ಬೇಗ ಇಳಿಸಿದವನು ನೀನೇ ಅಂತಾನೂ ಹೇಳಿದ್ದೀನಿ.

‘ಅವನು ಯಾಕೆ ಬಂದಿಲ್ಲ?’ ಅಂದರು ಅಜ್ಜ. ಮಂಡಿನೋವಂತೆ ಅಂದೆ. ತಮ್ಮ ಊರುಗೋಲು ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಕ್ಯಾಂಟೀನಿನಿಂದ ನಿನ್ನ ಪಾಲಿನ ಒಂದು ಬಾಟಲಿ ತಂದಿಟ್ಟಿದ್ದೀನಿ. ಬಂದು ತಗೊಂಡು ಹೋಗು, ಕಳಿಸೋದಿಲ್ಲ.

ಇಂತಿ,
ನಿನ್ನ ಸೊಟ್ಟ ಬೆರಳಿನವನು