ಎಕ್ಸ್-ರೇ ತಪ್ಪಿಸಬೇಡ, ಪುಟ್ಟಿ

ಹಾಸನ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅಮೆರಿಕದ ನಿನ್ನ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ಮಾಡಿದ ಕ್ಷಯದ ರಕ್ತಪರೀಕ್ಷೆ ಪಾಸಿಟಿವ್ ಬಂದಿದೆ ಎಂದು ಬರೆದು, ‘ಎಕ್ಸ್-ರೇ ತೆಗೆಸದೆ ಹಾಗೇ ದಿನ ತಳ್ಳಿದರೆ ಏನಾದೀತು ದೊಡ್ಡಪ್ಪ, ನನ್ನನ್ನು ವಾಪಸ್ ಕಳಿಸಿಬಿಟ್ಟರೆ?’ ಎಂದು ಕೇಳಿದ್ದೀಯೆ. ಅಮ್ಮನಿಗೆ ಹೇಳಬೇಡಿ ಎಂದೂ ಸೇರಿಸಿದ್ದೀಯೆ. ಪರೀಕ್ಷೆಯ ಫಲಿತಾಂಶಕ್ಕಿಂತ ಈ ಮುಚ್ಚಿಡುವ ಯೋಚನೆಯೇ ನನ್ನನ್ನು ಹೆಚ್ಚು ಕಂಗೆಡಿಸಿದೆ.

ನಿನ್ನ ಹೆಸರು ಎತ್ತದೆ ಇಲ್ಲಿ ಪರಿಚಯದ ಎದೆರೋಗ ತಜ್ಞರೊಬ್ಬರನ್ನು ವಿಚಾರಿಸಿದೆ. ರೋಗಾಣು ಮೈಯೊಳಗೆ ಸುಮ್ಮನೆ ಅಡಗಿರುವುದು ಬೇರೆ, ಅದು ಎದ್ದು ಶ್ವಾಸಕೋಶವನ್ನು ಕೆಡಿಸುವುದು ಬೇರೆ ಎಂದು ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೊದಲನೆಯದು ಸುಪ್ತ ಕ್ಷಯ. ಅದರಿಂದ ಕೆಮ್ಮಿಲ್ಲ, ಜ್ವರವಿಲ್ಲ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಜಗತ್ತಿನ ಸುಮಾರು ಕಾಲು ಭಾಗ ಜನರಿಗೆ ಈ ಸೋಂಕು ತಗುಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅವರಲ್ಲಿ ಮುಂದೆ ಎಂದಾದರೂ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ. ಅಡಗಿದೆಯೋ ಎದ್ದಿದೆಯೋ ಎಂಬುದನ್ನು ರಕ್ತಪರೀಕ್ಷೆಯೊಂದೇ ಹೇಳಲಾರದು. ನೀನು ತಪ್ಪಿಸಿಕೊಳ್ಳಬೇಕೆಂದಿರುವ ಎಕ್ಸ್-ರೇ ಇರುವುದೇ ಅದಕ್ಕೆ.

ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡವರಿಗೆಲ್ಲ ಹೀಗೇ ಬರುತ್ತದೆ ಎಂದು ನಿನ್ನ ರೂಮಿನ ಹುಡುಗಿ ಸಮಾಧಾನ ಹೇಳಿದಳಂತೆ. ಮುಂಗೈಗೆ ಚುಚ್ಚಿ ಊತ ಅಳೆಯುವ ಪರೀಕ್ಷೆಯ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ರಕ್ತಪರೀಕ್ಷೆಯ ಮೇಲೆ ಬಿಸಿಜಿಯ ಪ್ರಭಾವವಿಲ್ಲ. ಆ ಸಮಾಧಾನವನ್ನು ನಂಬಿ ಕೂರಬೇಡ.

ನಿನ್ನ ದೊಡ್ಡ ಸೋದರತ್ತೆಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಆದರೆ ಅವಳ ಕೆಮ್ಮು ಶುರುವಾದ ಮಳೆಗಾಲ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. 1960ರ ದಶಕದ ಕೊನೆಯ ಮಾತು, ನಾನಾಗ ಹೈಸ್ಕೂಲಿನಲ್ಲಿದ್ದೆ. ಸಕಲೇಶಪುರದ ತೋಟದ ಮನೆಯಲ್ಲಿ ಮೊದಮೊದಲು ಸೌದೆಯ ಹೊಗೆ ಎಂದರು, ಆಮೇಲೆ ಶೀತ ಎಂದರು. ಅವಳ ಮದುವೆಯ ಮಾತುಕತೆ ನಡೆಯುತ್ತಿತ್ತು. ಅವಳ ಹಿತ್ತಾಳೆಯ ಲೋಟದ ಕಂಠಕ್ಕೆ ಗುರುತಿಗೆಂದು ಕೆಂಪು ದಾರ ಸುತ್ತಿ, ಬಂದವರ ಕಣ್ಣಿಗೆ ಬೀಳದಂತೆ ಉಪ್ಪಿನಕಾಯಿ ಭರಣಿಯ ಹಿಂದೆ ಇಡುತ್ತಿದ್ದರು. ಕ್ಷಯ ಹರಡುವುದು ಗಾಳಿಯಿಂದ, ಲೋಟ ತಟ್ಟೆಗಳಿಂದಲ್ಲ. ಲೋಟವನ್ನು ಅಷ್ಟು ಜೋಪಾನವಾಗಿ ಬೇರೆ ಇಟ್ಟ ಮನೆಯಲ್ಲಿ, ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದ ಕೋಣೆಯೊಳಗೆ ಅವಳೂ ನಾವು ಹುಡುಗರೂ ಒಟ್ಟಿಗೇ ಮಲಗುತ್ತಿದ್ದೆವು.

ಕಡೆಗೆ ಮೈಸೂರಿಗೆ ಕರೆದೊಯ್ದಾಗ ಕಾಲ ಮೀರಿತ್ತು. ಅಲ್ಲಿನ ಕ್ಷಯರೋಗ ಆಸ್ಪತ್ರೆಗೆ ಇಟ್ಟಿರುವುದು ಅದೇ ಕಾಯಿಲೆಗೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು. ಅರಮನೆಯವರು ಊರಿಗೆಲ್ಲ ಕಾಣುವಂತೆ ಬರೆಸಿದ್ದನ್ನು ನಾವು ಭರಣಿಯ ಹಿಂದೆ ಬಚ್ಚಿಟ್ಟಿದ್ದೆವು. ಕ್ಷಯದ ಮದ್ದು ಸ್ಟ್ರೆಪ್ಟೊಮೈಸಿನ್ 1940ರ ದಶಕದಲ್ಲೇ ಬಂದಿತ್ತು. ಒಂದು, ಒಂದೂವರೆ ವರ್ಷ ಚಿಕಿತ್ಸೆ ಪಡೆದು ಗುಣವಾಗಿ ಊರಿಗೆ ಮರಳಿದವರಿದ್ದರು. ಆ ಮಳೆಗಾಲದಲ್ಲೇ ಕರೆದೊಯ್ದಿದ್ದರೆ ಎಂಬ ಕೊರಗು ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಆಗ ಮದುವೆ ತಪ್ಪೀತೆಂಬ ಭಯ, ಈಗ ನಿನಗೆ ಓದು ತಪ್ಪೀತೆಂಬ ಭಯ.

ನಿನ್ನ ಭಯದ ವಿಷಯಕ್ಕೇ ಬರುತ್ತೇನೆ. ಸುಪ್ತ ಕ್ಷಯವಿದೆಯೆಂದು ಯಾರೂ ವಿದ್ಯಾರ್ಥಿಯನ್ನು ದೇಶದಿಂದ ಕಳಿಸುವುದಿಲ್ಲ. ಎಕ್ಸ್-ರೇ ಸರಿಯಿದ್ದರೆ ತರಗತಿಗೂ ಹೋಗಬಹುದು. ಪರೀಕ್ಷೆ ಪೂರೈಸದವರಿಗೆ ಮುಂದಿನ ಸೆಮಿಸ್ಟರಿನ ನೋಂದಣಿಯನ್ನು ತಡೆಹಿಡಿಯುವುದು ಮಾತ್ರ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ರೂಢಿ, ನಿನ್ನ ವೀಸಾ ನಿಂತಿರುವುದು ಆ ನೋಂದಣಿಯ ಮೇಲೆಯೇ. ವಾಪಸ್ ಬರುವ ಪ್ರಮೇಯವೇನಾದರೂ ಇದ್ದರೆ ಅದು ಬಚ್ಚಿಟ್ಟರೆ ಮಾತ್ರ.

ಅಲ್ಲಿನ ವ್ಯವಸ್ಥೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಆದರೂ ಹೇಳದೆ ಇರಲಾರೆ. ಹೋಗುವಾಗ ವಿಮೆಯ ಕಾರ್ಡ್ ಜೊತೆಯಲ್ಲಿರಲಿ. ಎಕ್ಸ್-ರೇಗೆ ಕೈಯಿಂದ ಎಷ್ಟು ಕೊಡಬೇಕಾದೀತೆಂದು ಮೊದಲೇ ಕೇಳು, ಸಾಲದಿದ್ದರೆ ನನಗೆ ಬರೆಯಲು ಸಂಕೋಚಪಡಬೇಡ. ಸುಪ್ತ ಕ್ಷಯಕ್ಕೆ ಈಗ ಚಿಕಿತ್ಸೆ ಸುಲಭವಂತೆ: ದಿನವೂ ರಿಫಾಂಪಿಸಿನ್ ಮಾತ್ರೆ ಆದರೆ 4 ತಿಂಗಳು, ವಾರಕ್ಕೊಮ್ಮೆ ಐಸೋನಿಯಜಿಡ್ ಮತ್ತು ರಿಫಾಪೆಂಟಿನ್ ಆದರೆ 3 ತಿಂಗಳು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡ, ಅದು ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ ಅಂದೇ ವೈದ್ಯರಿಗೆ ಹೇಳು. ದಡಾರದ ಎರಡನೆಯ ಲಸಿಕೆ ಬಾಕಿಯಿದೆ ಎಂದಿದ್ದೆಯಲ್ಲ, ಮೊದಲನೆಯದು ಆಗಿ 28 ದಿನ ಕಳೆದಿರಬೇಕು. ಅದನ್ನೂ ಅವರನ್ನೇ ಕೇಳು. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀಯೆ. ಕ್ಯಾಂಪಸ್ಸಿನಲ್ಲಿ ಆಪ್ತಸಮಾಲೋಚಕರಿದ್ದರೆ ಅವರ ಬಳಿ ಒಮ್ಮೆ ಮನಸ್ಸು ಬಿಚ್ಚಿ ಮಾತನಾಡು. ಅದನ್ನು ಯಾರೂ ಹಗುರವಾಗಿ ನೋಡುವುದಿಲ್ಲ.

ಅಮ್ಮನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಎಕ್ಸ್-ರೇ ಫಲಿತಾಂಶ ಬಂದ ಮೇಲೆ ನೀನೇ ಹೇಳಬೇಕೆಂಬುದು ನನ್ನ ಆಸೆ. ಈ ವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ದಿನಾಂಕ ತಿಳಿಸು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು.

ಇಂತಿ ನಿನ್ನ
ದೊಡ್ಡಪ್ಪ